ಸಭೆಗೆ ಬರಲಾಗದ ಸದಸ್ಯರನ್ನೂ ಸಭೆಯೊಳಗೆ ಸೇರಿಸಿಕೊಳ್ಳುವುದು ಹೇಗೆ?

ನಮ್ಮ ಸಂಘದಲ್ಲಿ ಮೊದಲ ಸಲ ದೂರದ ಸದಸ್ಯರನ್ನು ಇಂಟರ್‌ನೆಟ್ ಮೂಲಕ ಸೇರಿಸಿಕೊಂಡಾಗ ನಾವು ಮಾಡಿದ್ದು ಇಷ್ಟೇ. ಅಧ್ಯಕ್ಷರ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟು, ವಿಡಿಯೊ ಕಾಲ್ ಶುರು ಮಾಡಿ, ಆಮೇಲೆ ಅದನ್ನು ಮರೆತುಬಿಟ್ಟೆವು. ಸಭೆ ಎರಡು ಗಂಟೆ ನಡೆಯಿತು. ಲೆಕ್ಕಪತ್ರದ ವಿಷಯ ಬಂತು, ಹಾಲ್‌ನಲ್ಲಿದ್ದವರು ಕೈ ಎತ್ತಿದರು, ಕಾರ್ಯದರ್ಶಿ 'ಸರ್ವಾನುಮತದಿಂದ ಅಂಗೀಕಾರ' ಅಂತ ಬರೆದುಕೊಂಡರು. ಮರುದಿನ ಬೆಳಿಗ್ಗೆ ಹಿರಿಯ ಸದಸ್ಯೆಯೊಬ್ಬರ ಫೋನ್ ಬಂತು. "ನಾನು ಇಪ್ಪತ್ತು ನಿಮಿಷ ಕೈ ಎತ್ತುವ ಬಟನ್ ಒತ್ತಿಕೊಂಡೇ ಕೂತಿದ್ದೆ. ಯಾರೂ ನೋಡಲಿಲ್ಲ. ನನ್ನನ್ನು ಕೇಳದೆ ಸರ್ವಾನುಮತ ಅಂತ ಹೇಗೆ ಬರೆದಿರಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಡಾವಳಿ ತಿದ್ದಿ, ಆ ವಿಷಯವನ್ನು ಮುಂದಿನ ಸಭೆಯಲ್ಲಿ ಮತ್ತೆ ತೆಗೆದುಕೊಂಡೆವು.

ಲಿಂಕ್ ಕಳಿಸಿದ ಮಾತ್ರಕ್ಕೆ ಸದಸ್ಯರು ಸಭೆಗೆ ಬಂದ ಹಾಗಾಗುವುದಿಲ್ಲ. ಹಾಲ್‌ನಲ್ಲಿ ಆಡುವ ಮಾತು ಅವರಿಗೆ ಕೇಳಬೇಕು, ಅವರ ಮಾತು ಹಾಲ್‌ಗೆ ಕೇಳಬೇಕು, ಅವರ ಮತ ಲೆಕ್ಕಕ್ಕೆ ಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅವರು ಸುಮ್ನೆ ನೋಡುತ್ತಾ ಕೂತವರಾಗುತ್ತಾರೆ, ಸದಸ್ಯರಾಗಿ ಉಳಿಯುವುದಿಲ್ಲ. ಕಾಯಿಲೆ ಇರುವವರು, ಮನೆಯಲ್ಲಿ ಮಗುವನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರು, ಬೇರೆ ಊರಿಗೆ ಹೋದವರು, ಮೆಟ್ಟಿಲು ಹತ್ತಲಾಗದವರು, ಇವರೆಲ್ಲ ವರ್ಷಗಟ್ಟಲೆ ಚಂದಾ ಕಟ್ಟುತ್ತಾ ಬಂದವರು. ಅವರಿಗೆ ಈ ಮೂರನ್ನೂ ಕೊಡುವುದು ಹೇಗೆ ಅಂತ, ನಾವು ಕಲಿತ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಬೈಲಾ ತೆರೆದು ನೋಡಿ

ಮೈಕ್ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಎಲ್ಲರೂ ಬಿಟ್ಟುಬಿಡುವ ಕೆಲಸವೂ ಇದೇ. ನಿಮ್ಮ ಸಂಘದ ಬೈಲಾದಲ್ಲಿ, ಜೊತೆಗೆ ಸಂಘ ಯಾವ ಕಾನೂನಿನಡಿ ನೋಂದಣಿಯಾಗಿದೆಯೋ ಅದರಲ್ಲಿ, ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ. ಇಂಟರ್‌ನೆಟ್ ಮೂಲಕ ಬಂದವರನ್ನು ಹಾಜರಿದ್ದವರು ಅಂತ ಎಣಿಸಬಹುದೇ? ಅವರು ಕೋರಂಗೆ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿಗೆ, ಸೇರುತ್ತಾರೆಯೇ? ಮತ ಹಾಕಬಹುದೇ? ಗುಪ್ತ ಮತದಾನ ಕಡ್ಡಾಯವಿರುವ ವಿಷಯ ಯಾವುದಾದರೂ ಇದೆಯೇ? ಸಭೆಯ ನೋಟಿಸ್‌ನಲ್ಲಿ 'ಸ್ಥಳ' ಅಂತ ಇರುವ ಕಡೆ ಏನು ಬರೆಯಬೇಕು?

ಹಳೆಯ ಬೈಲಾಗಳಲ್ಲಿ ಈ ವಿಷಯವೇ ಇರುವುದಿಲ್ಲ. ಬೈಲಾ ಸುಮ್ಮನಿದ್ದರೆ ಒಪ್ಪಿಗೆ ಇದೆ ಅಂತ ಅಂದುಕೊಳ್ಳಬೇಡಿ. ನಾಳೆ ಯಾರಾದರೂ ಒಂದು ನಿರ್ಣಯವನ್ನು ಪ್ರಶ್ನೆ ಮಾಡಿದರೆ, ದೂರದಿಂದ ಬಂದ ಆರು ಮತಗಳ ಮೇಲೆ ನಿಂತ ನಿರ್ಣಯ ಬಿದ್ದುಹೋಗಬಹುದು. ಅಂಥ ಕಡೆ ಮೊದಲ ಸಲ ದೂರದವರಿಗೆ ಕೇಳಲು ಮತ್ತು ಮಾತಾಡಲು ಅವಕಾಶ ಕೊಡಿ, ಮತವನ್ನು ಮಾತ್ರ ಹಾಲ್‌ನಲ್ಲಿದ್ದವರಿಗೆ ಬಿಡಿ, ಹೀಗೇ ಇರುತ್ತದೆ ಅಂತ ನೋಟಿಸ್‌ನಲ್ಲೇ ತಿಳಿಸಿ. ಅದೇ ಸಭೆಯಲ್ಲಿ ಬೈಲಾ ತಿದ್ದುಪಡಿ ತನ್ನಿ.

ತಿದ್ದುಪಡಿ ಉದ್ದ ಇರಬೇಕಾಗಿಲ್ಲ. ಹೆಚ್ಚು ಕಡಿಮೆ ಹೀಗಿದ್ದರೆ ಸಾಕು: "ಎಲ್ಲ ಸದಸ್ಯರೂ ಒಬ್ಬರ ಮಾತನ್ನು ಒಬ್ಬರು ಅದೇ ಹೊತ್ತಿನಲ್ಲಿ ಕೇಳುವಂಥ ವ್ಯವಸ್ಥೆಯ ಮೂಲಕ ಸಭೆಯಲ್ಲಿ ಭಾಗವಹಿಸುವ ಸದಸ್ಯರನ್ನು ಕೋರಂ ಮತ್ತು ಮತದ ಲೆಕ್ಕಕ್ಕೆ ಹಾಜರಿದ್ದವರೆಂದು ಪರಿಗಣಿಸತಕ್ಕದ್ದು." ಇದರಲ್ಲಿ ಯಾವ ಆ್ಯಪ್‌ನ ಹೆಸರನ್ನೂ ಹಾಕಬೇಡಿ. ಆ್ಯಪ್ ಬದಲಾಗುತ್ತಾ ಇರುತ್ತದೆ, ಬೈಲಾ ಅಷ್ಟು ಬೇಗ ಬದಲಾಗುವುದಿಲ್ಲ. ಇನ್ನೊಂದು ಸಾಲು ಸೇರಿಸಿ: ಒಬ್ಬ ಸದಸ್ಯರ ಸ್ವಂತ ಇಂಟರ್‌ನೆಟ್ ಕೈಕೊಟ್ಟರೆ ಸಭೆಯ ನಿರ್ಣಯ ರದ್ದಾಗುವುದಿಲ್ಲ, ಆದರೆ ಸಂಘದ ಕಡೆಯ ಸಂಪರ್ಕವೇ ಕಡಿದುಹೋದರೆ ಅದು ಮತ್ತೆ ಬರುವ ತನಕ ಮತ ತೆಗೆದುಕೊಳ್ಳುವಂತಿಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟರೆ ಮುಂದೆ ಎಷ್ಟೋ ಜಗಳ ತಪ್ಪುತ್ತದೆ.

ಆ್ಯಪ್ ಆರಿಸುವುದು

ಇದರ ಬಗ್ಗೆ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನನಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ. ನಿಮ್ಮ ಸದಸ್ಯರಲ್ಲಿ ಜಾಸ್ತಿ ಜನರಿಗೆ ಯಾವುದು ಈಗಾಗಲೇ ಗೊತ್ತಿದೆಯೋ ಅದನ್ನೇ ಇಟ್ಟುಕೊಳ್ಳಿ.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಿತಿಗಳು ಕೆಲವಿವೆ. ಝೂಮ್‌ನ ಉಚಿತ ಖಾತೆಯಲ್ಲಿ 100 ಜನ ಸೇರಬಹುದು, ಆದರೆ 40 ನಿಮಿಷಕ್ಕೆ ಸಭೆ ಕಡಿದುಹೋಗುತ್ತದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲೂ 100 ಜನ, ಮೂವರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ. ಸರಿಯಾಗಿ ಚುನಾವಣೆಯ ಹೊತ್ತಿಗೆ ಕಾಲ್ ಕಡಿದರೆ ಏನು ಗತಿ? ಆದ್ದರಿಂದ ವಾರ್ಷಿಕ ಸಭೆಯಂಥದ್ದಕ್ಕೆ ಒಂದು ತಿಂಗಳ ಮಟ್ಟಿಗಾದರೂ ಹಣ ಕೊಟ್ಟ ಖಾತೆ ತೆಗೆದುಕೊಳ್ಳಿ. ಅದು ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಲ್ಲಿ ಇರಲಿ. ಯಾರೋ ಒಬ್ಬ ಪದಾಧಿಕಾರಿಯ ಸ್ವಂತ ಖಾತೆಯಲ್ಲಿದ್ದರೆ ಅವರು ಹುದ್ದೆ ಬಿಟ್ಟ ದಿನ ಎಲ್ಲವೂ ಅವರ ಜೊತೆಗೇ ಹೋಗುತ್ತದೆ.

ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶವೇ ಬೇಕು ಅನ್ನುವವರಿಗೆ ಜಿಟ್ಸಿ ಮೀಟ್ ಇದೆ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಅದರ ಸಾರ್ವಜನಿಕ ಸರ್ವರ್‌ನಲ್ಲಿ 2023ರಿಂದ ಸಭೆ ಶುರು ಮಾಡುವವರು ಲಾಗಿನ್ ಆಗಬೇಕು, ಸೇರುವವರಿಗೆ ಖಾತೆ ಬೇಡ. ಬಿಗ್‌ಬ್ಲೂಬಟನ್ ಅಂತ ಇನ್ನೊಂದು ಇದೆ, ಅದು ಪಾಠ ಹೇಳುವುದಕ್ಕೆಂದು ಮಾಡಿದ್ದು, ಮತ ಕೇಳುವ ಸೌಲಭ್ಯ ಅದರಲ್ಲೇ ಇದೆ. ಆದರೆ ಸ್ವಂತ ಸರ್ವರ್ ನೋಡಿಕೊಳ್ಳುವವರು ನಿಮ್ಮಲ್ಲಿ ಇದ್ದರೆ ಮಾತ್ರ ಅದರ ತಂಟೆಗೆ ಹೋಗಿ.

ಒಂದನ್ನು ಮಾತ್ರ ಖಂಡಿತ ಕೇಳಿ ತಿಳಿದುಕೊಳ್ಳಿ: ಸಾಮಾನ್ಯ ಫೋನಿನಿಂದ ನಂಬರ್ ಒತ್ತಿ ಸಭೆಗೆ ಸೇರುವ ಸೌಲಭ್ಯ ಇದೆಯೇ? ಇದು ಎಲ್ಲ ಖಾತೆಗಳಲ್ಲಿ ಇರುವುದಿಲ್ಲ. ಆದರೆ ನಿಮ್ಮ ಸಂಘದಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ನಾಲ್ಕು ಜನ ಇದ್ದರೂ ಅವರಿಗೆ ಇದೊಂದೇ ಬಾಗಿಲು.

ಧ್ವನಿ, ಧ್ವನಿ, ಧ್ವನಿ

ಇರುವ ಹಣ, ಇರುವ ಸಮಯ ಎರಡನ್ನೂ ಇಲ್ಲಿ ಹಾಕಿ. ಚಿತ್ರ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಅರ್ಧಂಬರ್ಧ ಕೇಳಿದರೆ ಹತ್ತು ನಿಮಿಷದಲ್ಲಿ ಬಿಟ್ಟುಹೋಗುತ್ತಾರೆ, ಹೋಗುವಾಗ ಹೇಳಿಯೂ ಹೋಗುವುದಿಲ್ಲ.

ಲ್ಯಾಪ್‌ಟಾಪಿನ ಮೈಕ್ ಅದರ ಮುಂದೆ ಕೂತ ಒಬ್ಬರಿಗಾಗಿ ಮಾಡಿದ್ದು. ಬಾಯಿಂದ ಮೈಕ್‌ಗೆ ಇರುವ ದೂರ ಎರಡರಷ್ಟಾದಾಗಲೆಲ್ಲ ನೇರವಾಗಿ ತಲುಪುವ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರ್ ದೂರದಲ್ಲಿರುವ ಅಧ್ಯಕ್ಷರಿಗೂ ನಾಲ್ಕು ಮೀಟರ್ ಆಚೆ ಕೂತ ಸದಸ್ಯರಿಗೂ 18 ಡೆಸಿಬೆಲ್ ವ್ಯತ್ಯಾಸ. ಅಷ್ಟು ಹೊತ್ತಿಗೆ ಕೋಣೆಯ ಗೋಡೆಗಳಿಂದ ತಿರುಗಿ ಬರುವ ಸದ್ದು, ಫ್ಯಾನಿನ ಸದ್ದು, ಕುರ್ಚಿ ಎಳೆಯುವ ಸದ್ದು ಅವರ ಮಾತಿಗಿಂತ ಜೋರಾಗಿರುತ್ತದೆ. ಗಟ್ಟಿಯಾಗಿ ಮಾತಾಡಿ ಅಂತ ಹೇಳಿದರೆ ಇದು ಸರಿಹೋಗುವುದಿಲ್ಲ. ಮೈಕ್ ಬಾಯಿಯ ಹತ್ತಿರ ಹೋಗಲೇಬೇಕು.

ಒಂದೇ ಮೇಜಿನ ಸುತ್ತ ಎಂಟು ಹತ್ತು ಜನ ಕೂರುವ ಸಮಿತಿ ಸಭೆಯಾದರೆ ಕಾನ್ಫರೆನ್ಸ್ ಸ್ಪೀಕರ್‌ಫೋನ್ ಅಂತ ಸಿಗುತ್ತದೆ, ಅದೊಂದು ಸಾಕು. ಮೈಕ್, ಸ್ಪೀಕರ್ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ, ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿ ಮೇಜಿನ ನಡುವೆ ಇಡುವುದು. ಸ್ಪೀಕರಿನಿಂದ ಬಂದ ಧ್ವನಿಯನ್ನೇ ಮೈಕ್ ಮತ್ತೆ ಹಿಡಿಯದ ಹಾಗೆ ಅದೇ ನೋಡಿಕೊಳ್ಳುತ್ತದೆ. ಅದರ ಮೇಲೆ ಕಾಗದ ಇಡಬೇಡಿ, ಪಕ್ಕದಲ್ಲಿ ಪೆನ್ನಿನಿಂದ ಮೇಜು ಕುಟ್ಟಬೇಡಿ. ಹಾಲ್‌ನಲ್ಲಿದ್ದವರಿಗೆ ಅದು ಸಣ್ಣ ಸದ್ದು, ದೂರದವರ ಕಿವಿಗೆ ಸುತ್ತಿಗೆ ಏಟು.

ಹಾಲ್‌ನಲ್ಲಿ ಮೂವತ್ತು ನಲವತ್ತು ಜನ ಸಾಲಾಗಿ ಕೂರುವ ಸಭೆಯಾದರೆ ಕೈಯಲ್ಲಿ ಹಿಡಿಯುವ ಮೈಕ್ ಬೇಕು, ಎರಡಿದ್ದರೆ ಒಳ್ಳೆಯದು. ನಿಯಮ ಒಂದೇ: ಮೈಕ್ ಕೈಗೆ ಬರುವ ತನಕ ಮಾತಾಡುವಂತಿಲ್ಲ. ಅಧ್ಯಕ್ಷರಿಗೂ ಇದೇ ನಿಯಮ. "ನನ್ನ ದನಿ ದೊಡ್ಡದು, ನನಗೆ ಮೈಕ್ ಬೇಡ" ಅನ್ನುವವರು ಪ್ರತಿ ಸಂಘದಲ್ಲೂ ಇರುತ್ತಾರೆ. ಅವರಿಗೆ ಪ್ರೀತಿಯಿಂದಲೇ ಹೇಳಿ, ನಿಮ್ಮ ದನಿ ಈ ಹಾಲ್‌ಗೆ ಸಾಕು, ಮನೆಯಲ್ಲಿ ಕೂತು ಕೇಳುತ್ತಿರುವವರಿಗೆ ಸಾಲದು.

ಹಾಲ್‌ನಲ್ಲಿ ಮೊದಲೇ ಸೌಂಡ್ ಸಿಸ್ಟಂ ಇದ್ದರೆ ಅದರ ಮಿಕ್ಸರ್‌ನಿಂದ (ಎಲ್ಲ ಮೈಕ್‌ಗಳ ಧ್ವನಿ ಬಂದು ಸೇರುವ ಪೆಟ್ಟಿಗೆ) ತಂತಿ ಎಳೆದು ಲ್ಯಾಪ್‌ಟಾಪಿಗೆ ಕೊಡಿ, ಲ್ಯಾಪ್‌ಟಾಪಿನ ಧ್ವನಿಯನ್ನು ಇನ್ನೊಂದು ತಂತಿಯಲ್ಲಿ ಮಿಕ್ಸರ್‌ಗೆ ತನ್ನಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವುವುದು ಇಲ್ಲೇ. ಲ್ಯಾಪ್‌ಟಾಪಿಗೆ ಹೋಗುವ ಸಾಲಿನಲ್ಲಿ ಹಾಲ್‌ನ ಮೈಕ್‌ಗಳು ಮಾತ್ರ ಇರಬೇಕು, ಲ್ಯಾಪ್‌ಟಾಪಿನಿಂದಲೇ ಬಂದ ಧ್ವನಿ ಇರಬಾರದು. ಇದ್ದರೆ ದೂರದವರಿಗೆ ತಮ್ಮ ಮಾತೇ ಅರ್ಧ ಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ, ಆಗ ಎಂಥವರಿಗೂ ವಾಕ್ಯ ಮುಗಿಸುವುದು ಕಷ್ಟ. ಧ್ವನಿ ನೋಡಿಕೊಳ್ಳುವವರಿಗೆ "ಮಿಕ್ಸ್ ಮೈನಸ್ ಬೇಕು" ಅಂದರೆ ಅರ್ಥವಾಗುತ್ತದೆ. ಮಿಕ್ಸರ್‌ನಲ್ಲಿ ಆಕ್ಸ್ ಅಂತ ಬರೆದಿರುವ ಗುಂಡಿಗಳು ಇರುವುದು ಇಂಥ ಕೆಲಸಕ್ಕೇ: ಮೈಕ್‌ಗಳ ಆಕ್ಸ್ ಏರಿಸಿ, ಲ್ಯಾಪ್‌ಟಾಪ್ ಬಂದಿರುವ ಚಾನೆಲ್‌ನ ಆಕ್ಸ್ ಪೂರ್ತಿ ಇಳಿಸಿ.

ಇನ್ನು ಕಿವಿ ಕೊರೆಯುವ ಆ ಕೂಗು. ಒಂದೇ ಕೋಣೆಯಲ್ಲಿ ಎರಡು ಸಾಧನಗಳು ಧ್ವನಿ ಆನ್ ಮಾಡಿಕೊಂಡು ಅದೇ ಸಭೆಗೆ ಸೇರಿದರೆ ಅದು ಗ್ಯಾರಂಟಿ. ಒಂದರ ಸ್ಪೀಕರಿನ ಸದ್ದನ್ನು ಇನ್ನೊಂದರ ಮೈಕ್ ಹಿಡಿಯುತ್ತದೆ, ಅದು ಸುತ್ತು ಹೊಡೆಯುತ್ತಾ ದೊಡ್ಡದಾಗುತ್ತದೆ. ಮ್ಯೂಟ್ ಮಾಡಿದರೆ ಅರ್ಧ ಪರಿಹಾರ ಅಷ್ಟೇ, ಸ್ಪೀಕರ್ ಕೂಡ ಆಫ್ ಆಗಬೇಕು. ಹಾಲ್‌ನಲ್ಲಿ ಇರುವವರು ಕಡತ ನೋಡುವುದಕ್ಕೋ ಮತ ಹಾಕುವುದಕ್ಕೋ ಫೋನಿನಲ್ಲಿ ಸೇರುವುದಾದರೆ, ಸೇರುವಾಗಲೇ ಧ್ವನಿ ಇಲ್ಲದೆ ಸೇರಬೇಕು.

ಕೊನೆಗೆ ಒಂದು ಪರೀಕ್ಷೆ ಮಾಡಿ. ಸಭೆಯ ಹಿಂದಿನ ದಿನ ಒಬ್ಬರನ್ನು ಮನೆಯಿಂದ ಕಾಲ್‌ಗೆ ಸೇರಿಸಿ, ನೀವು ಹಾಲ್‌ನ ಪ್ರತಿ ಮೂಲೆಯಿಂದ ಒಂದೊಂದು ಪ್ಯಾರಾ ಓದಿ. ಅವರು ಕೇಳಿದ್ದನ್ನು ತಿರುಗಿ ಹೇಳಲಿ. "ಕೇಳ್ತಾ ಇದೆಯಾ?" ಅಂದರೆ ಎಲ್ಲರೂ "ಹೂಂ" ಅನ್ನುತ್ತಾರೆ, ಅದನ್ನು ನಂಬಬೇಡಿ. ಅಂಕಿಗಳನ್ನು, ಹೆಸರುಗಳನ್ನು ಓದಿ ತಿರುಗಿ ಹೇಳಿಸಿ.

ನೆಟ್ ಮತ್ತು ಕರೆಂಟ್

ಸಾಧ್ಯವಿದ್ದರೆ ರೂಟರ್‌ನಿಂದ ಲ್ಯಾಪ್‌ಟಾಪಿಗೆ ಕೇಬಲ್ ಎಳೆಯಿರಿ. ವೈಫೈ ಪರೀಕ್ಷೆಯ ದಿನ ಖಾಲಿ ಹಾಲ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಸಭೆಯ ದಿನ ಐವತ್ತು ಫೋನ್‌ಗಳು ಅದೇ ವೈಫೈಗೆ ಸೇರಿಕೊಂಡಾಗ ಬಳಲುತ್ತದೆ. ಕೇಬಲ್ ಆಗದಿದ್ದರೆ ವೈಫೈ ಪಾಸ್‌ವರ್ಡನ್ನು ಅವತ್ತು ಯಾರಿಗೂ ಕೊಡಬೇಡಿ. ವೇಗ ಅಳೆಯುವಾಗ ಡೌನ್‌ಲೋಡ್ ಅಂಕಿ ನೋಡಿ ಖುಷಿಪಡಬೇಡಿ, ನಿಮ್ಮ ಹಾಲ್ ಹೊರಗೆ ಕಳಿಸುವುದು ಅಪ್‌ಲೋಡ್‌ನಲ್ಲಿ. ಸಭೆ ನಡೆಯುವ ಹೊತ್ತಿನಲ್ಲೇ, ಲ್ಯಾಪ್‌ಟಾಪ್ ಇಡುವ ಜಾಗದಲ್ಲೇ ಅಳೆಯಿರಿ.

ಕೈಯಲ್ಲಿ ಒಂದು ಫೋನ್ ಹಾಟ್‌ಸ್ಪಾಟ್ ಸಿದ್ಧ ಇರಲಿ, ಅದು ಬೇರೆ ಕಂಪನಿಯ ಸಿಮ್ ಆಗಿರಲಿ. ರೂಟರ್‌ಗೆ ಚಿಕ್ಕ ಯುಪಿಎಸ್ ಇದ್ದರೆ ಕರೆಂಟ್ ಹೋದರೂ ಸಭೆ ನಿಲ್ಲುವುದಿಲ್ಲ.

ಡೇಟಾ ಖರ್ಚಾಗುತ್ತದೆ ಅಂತ ಹಿಂಜರಿಯುವ ಸದಸ್ಯರಿಗೆ ಒಂದು ಲೆಕ್ಕ ಹೇಳಿ. ಬರೀ ಧ್ವನಿ ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಹರಿದರೆ ಒಂದು ಗಂಟೆಗೆ 30 ಎಂಬಿ ಒಳಗೇ ಮುಗಿಯುತ್ತದೆ. ಡೇಟಾ ತಿನ್ನುವುದು ವಿಡಿಯೊ. ಬರುವ ವಿಡಿಯೊವನ್ನೂ ನಿಲ್ಲಿಸಿ ಧ್ವನಿ ಮಾತ್ರ ಇಟ್ಟುಕೊಳ್ಳುವುದು ಹೇಗೆ ಅಂತ ಅವರಿಗೆ ಮೊದಲೇ ತೋರಿಸಿಕೊಡಿ. ಲೈನ್ ತಡವರಿಸುವಾಗ ಮೊದಲ ಮದ್ದೂ ಅದೇ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾತಾಡುವವರ ಮುಖ ಕಾಣಬೇಕು, ಅವರ ಬೆನ್ನ ಹಿಂದೆ ಕಿಟಕಿ ಇರಬಾರದು. ಹಾಲ್‌ನಲ್ಲಿ ಪರದೆಯ ಮೇಲೆ ದೂರದವರ ಮುಖಗಳು ಎಲ್ಲರಿಗೂ ಕಾಣಲಿ. ಪರದೆಯನ್ನು ಅಧ್ಯಕ್ಷರ ಬೆನ್ನ ಹಿಂದೆ ಇಟ್ಟರೆ ಅವರಿಗೇ ಕಾಣುವುದಿಲ್ಲ, ಆದ್ದರಿಂದ ಅವರ ಮುಂದೆ ಇನ್ನೊಂದು ಚಿಕ್ಕ ಪರದೆ ಇರಲಿ.

ದೂರದವರಿಗಾಗಿ ಒಬ್ಬರನ್ನು ಕೂರಿಸಿ

ಎಲ್ಲ ಯಂತ್ರ ಸರಿ ಇದ್ದೂ ಸಭೆ ಕೆಡುವುದು ಇಲ್ಲಿ. ನಮ್ಮ ಆ ಮೊದಲ ಸಭೆಯಲ್ಲಿ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ, ನೆಟ್ ಹೋಗಿರಲಿಲ್ಲ. ನೋಡುವವರು ಇರಲಿಲ್ಲ, ಅಷ್ಟೇ.

ಹಾಲ್‌ನಲ್ಲಿ ಒಬ್ಬರಿಗೆ ಇದೊಂದೇ ಕೆಲಸ ಕೊಡಿ. ಅವರು ಅಧ್ಯಕ್ಷರಾಗಿರಬಾರದು, ಕಾರ್ಯದರ್ಶಿಯಾಗಿರಬಾರದು, ಅವತ್ತಿನ ಅಜೆಂಡಾದಲ್ಲಿ ಮಾತಾಡಬೇಕಾದವರೂ ಆಗಿರಬಾರದು. ಹೆಡ್‌ಫೋನ್ ಹಾಕಿಕೊಂಡು, ಬೇರೆ ಲ್ಯಾಪ್‌ಟಾಪಿನಲ್ಲಿ ದೂರದವರ ಹಾಗೇ ಸಭೆಗೆ ಸೇರಿ, ಅಧ್ಯಕ್ಷರ ಪಕ್ಕದಲ್ಲೇ ಕೂರಬೇಕು. ದೂರದವರಿಗೆ ಏನು ಕೇಳುತ್ತಿದೆಯೋ ಅದೇ ಅವರಿಗೂ ಕೇಳುತ್ತದೆ, ಹಾಗಾಗಿ ತೊಂದರೆ ಆದ ತಕ್ಷಣ ಗೊತ್ತಾಗುತ್ತದೆ. ಯಾರು ಕೈ ಎತ್ತಿದ್ದಾರೆ, ಚಾಟ್‌ನಲ್ಲಿ ಏನು ಬಂತು, ಯಾರು ಕಡಿದುಹೋದರು, ಇದೆಲ್ಲ ಅವರ ಲೆಕ್ಕ. ಮುಖ್ಯವಾಗಿ, ಸಭೆಯನ್ನು ಮಧ್ಯದಲ್ಲಿ ತಡೆದು "ಅಧ್ಯಕ್ಷರೇ, ಆ ಕಡೆಯಿಂದ ಒಬ್ಬರು ಮಾತಾಡಬೇಕು" ಅನ್ನುವ ಅಧಿಕಾರ ಅವರಿಗೆ ಇರಬೇಕು, ಅದನ್ನು ಅಧ್ಯಕ್ಷರೇ ಸಭೆಯ ಶುರುವಿನಲ್ಲಿ ಎಲ್ಲರ ಮುಂದೆ ಹೇಳಬೇಕು. ಎರಡು ಗಂಟೆ ಮೀರಿದ ಸಭೆಯಾದರೆ ಈ ಜಾಗಕ್ಕೆ ಇಬ್ಬರು ಬೇಕು, ನಡುವೆ ಬದಲಾಯಿಸಿಕೊಳ್ಳಲಿ. ಅದು ದಣಿಸುವ ಕೆಲಸ.

ಮಾತಿನ ಸರದಿಗೆ ಒಂದೇ ಪಟ್ಟಿ ಇರಲಿ. ಹಾಲ್‌ನವರದ್ದೆಲ್ಲ ಮುಗಿಸಿ "ಆನ್‌ಲೈನ್‌ನಲ್ಲಿ ಯಾರಾದರೂ ಇದ್ದೀರಾ?" ಅಂತ ಕೊನೆಗೆ ಕೇಳುವ ಪದ್ಧತಿ ಇದೆಯಲ್ಲ, ಅದು ಅವರನ್ನು ಎರಡನೇ ಸಾಲಿಗೆ ತಳ್ಳುತ್ತದೆ. ಇಂಟರ್‌ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಅನ್ನುವ ಸಂಸ್ಥೆ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದೆ. ಅವರ ಸಭೆಗಳಲ್ಲಿ ಹಾಲ್‌ನೊಳಗೆ ಕೂತವರೂ ತಮ್ಮ ಫೋನ್ ಅಥವಾ ಲ್ಯಾಪ್‌ಟಾಪಿನಲ್ಲಿ ಸಭೆಯ ವ್ಯವಸ್ಥೆಗೆ ಲಾಗಿನ್ ಆಗಿ, ಅದರಲ್ಲೇ ಸರದಿಗೆ ಹೆಸರು ಹಾಕುತ್ತಾರೆ. ಯಾರು ಎಲ್ಲಿದ್ದಾರೆ ಅನ್ನುವುದು ಮುಖ್ಯವೇ ಅಲ್ಲ, ಮೊದಲು ಕೈ ಎತ್ತಿದವರು ಮೊದಲು. ಹಾಜರಿಯೂ ಆ ಲಾಗಿನ್‌ನಿಂದಲೇ ದಾಖಲಾಗುತ್ತದೆ. ನಿಮ್ಮಲ್ಲಿ ಎಲ್ಲರೂ ಲಾಗಿನ್ ಆಗುವುದು ಆಗದ ಮಾತಾದರೆ ಒಂದು ಹಾಳೆ ಸಾಕು. ಹಾಲ್‌ನ ಕೈಗಳನ್ನೂ ಪರದೆಯ ಕೈಗಳನ್ನೂ ಎತ್ತಿದ ಕ್ರಮದಲ್ಲೇ ಬರೆಯುತ್ತಾ ಹೋಗುವುದು, ಆ ಕ್ರಮದಲ್ಲೇ ಕರೆಯುವುದು.

ಇನ್ನೊಂದು ವಿಷಯ, ತಡ. ದೂರಸಂಪರ್ಕದ ಅಂತರರಾಷ್ಟ್ರೀಯ ಒಕ್ಕೂಟ ಐಟಿಯು ತನ್ನ ಜಿ.114 ಶಿಫಾರಸಿನಲ್ಲಿ, ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು 150 ಮಿಲಿಸೆಕೆಂಡ್ ಒಳಗೆ ತೆಗೆದುಕೊಂಡರೆ ಮಾತುಕತೆಗೆ ಅಡ್ಡಿಯಿಲ್ಲ ಅನ್ನುತ್ತದೆ. ಇಂಟರ್‌ನೆಟ್ ಸಭೆಗಳಲ್ಲಿ ಎಷ್ಟೋ ಸಲ ಇದು ಮೀರುತ್ತದೆ. ಹಾಲ್‌ನಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರು ಮಾಡುವ ನಡುವಿನ ಕ್ಷಣವೂ ಬಹಳ ಚಿಕ್ಕದು. ಅಂದರೆ ದೂರದವರಿಗೆ ಆ ಸಂದು ಕಾಣಿಸುವ ಹೊತ್ತಿಗೆ ಹಾಲ್‌ನಲ್ಲಿ ಇನ್ನೊಬ್ಬರು ಶುರು ಮಾಡಿಯಾಗಿರುತ್ತದೆ. ಅವರಿಗೆ ಧೈರ್ಯ ಇಲ್ಲ, ಆಸಕ್ತಿ ಇಲ್ಲ ಅಂತಲ್ಲ. ಆದ್ದರಿಂದ ಅಧ್ಯಕ್ಷರು "ಯಾರದ್ದಾದರೂ ಆಕ್ಷೇಪ ಇದೆಯೇ?" ಅಂತ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನಕ್ಕೆ ಹತ್ತು ಎಣಿಸಬೇಕು. ಮ್ಯೂಟ್ ತೆಗೆಯಲು ಬಟನ್ ಹುಡುಕುವವರಿಗೂ ಅಷ್ಟು ಹೊತ್ತು ಬೇಕು.

ಸದಸ್ಯರಿಗೆ ಏನು ಕಳಿಸಬೇಕು

ನೋಟಿಸ್ ಜೊತೆಗೇ ಲಿಂಕ್, ಫೋನ್ ನಂಬರ್ ಇದ್ದರೆ ಅದು, ಅಜೆಂಡಾ, ಲೆಕ್ಕಪತ್ರ, ಹಿಂದಿನ ನಡಾವಳಿ ಎಲ್ಲವೂ ಹೋಗಲಿ. ಪರದೆಯಲ್ಲಿ ತೋರಿಸುತ್ತೇವೆ ಬಿಡಿ ಅನ್ನಬೇಡಿ, ಫೋನಿನಲ್ಲಿ ಬರೀ ಧ್ವನಿ ಕೇಳುವವರಿಗೆ ಅದು ಕಾಣುವುದಿಲ್ಲ. ಸಭೆಯ ಹಿಂದಿನ ದಿನ ಮತ್ತು ಒಂದು ಗಂಟೆ ಮೊದಲು ಲಿಂಕನ್ನು ಮತ್ತೆ ಕಳಿಸಿ, ಹಳೆಯ ಸಂದೇಶ ಹುಡುಕುತ್ತಾ ಹದಿನೈದು ನಿಮಿಷ ಕಳೆದುಕೊಳ್ಳುವವರು ಬಹಳ.

ನಾವು ಕಳಿಸುವ ಸಂದೇಶ ಹೀಗಿರುತ್ತದೆ: "ಸಭೆ ಶುರುವಾಗುವ ಅರ್ಧ ಗಂಟೆ ಮೊದಲೇ ಲಿಂಕ್ ತೆರೆದಿರುತ್ತದೆ, ಆಗಲೇ ಬಂದು ನಿಮ್ಮ ಧ್ವನಿ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಪೂರ್ತಿ ಹೆಸರು, ಸದಸ್ಯತ್ವ ಸಂಖ್ಯೆ ಹಾಕಿಕೊಂಡು ಸೇರಿ. ಮಾತಾಡದಿದ್ದಾಗ ಮ್ಯೂಟ್ ಇರಲಿ. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ. ಸೇರಲು ಆಗದಿದ್ದರೆ ಈ ನಂಬರಿಗೆ ಫೋನ್ ಮಾಡಿ, ಸಭೆ ಮುಗಿಯುವ ತನಕ ಒಬ್ಬರು ಎತ್ತುತ್ತಾರೆ." ಆ ಕೊನೆಯ ಸಾಲು ಬಹಳ ಮುಖ್ಯ. ಹಾಗೆ ಬರೆದ ಮೇಲೆ ಆ ಫೋನ್ ಎತ್ತಲೇಬೇಕು.

ಝೂಮ್‌ಗೆ ಸಾಮಾನ್ಯ ಫೋನಿನಿಂದ ಬರುವವರಿಗೆ ಇಷ್ಟು ಹೇಳಿಕೊಡಿ: ಸ್ಟಾರ್ ಒತ್ತಿ 6 ಒತ್ತಿದರೆ ಮ್ಯೂಟ್ ಆಗುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಸ್ಟಾರ್ ಒತ್ತಿ 9 ಒತ್ತಿದರೆ ಕೈ ಎತ್ತಿದ ಹಾಗೆ.

ಮೊದಲ ಸಲ ಮಾಡುವುದಾದರೆ ಒಂದು ವಾರ ಮೊದಲು ಅಭ್ಯಾಸದ ಕಾಲ್ ಇಡಿ. ಅದರಲ್ಲಿ ಸಂಘದ ವಿಷಯ ಏನೂ ಬೇಡ. ಸೇರುವುದು, ಮ್ಯೂಟ್ ತೆಗೆಯುವುದು, ಕೈ ಎತ್ತುವುದು, ಅಭ್ಯಾಸಕ್ಕೆಂದು ಒಂದು ಮತ ಹಾಕಿ ನೋಡುವುದು. ಕಿವಿ ಮಂದ ಇರುವವರಿಗೆ ಪರದೆಯ ಕೆಳಗೆ ಮಾತು ಅಕ್ಷರವಾಗಿ ಬರುವ ಕ್ಯಾಪ್ಶನ್ ಸೌಲಭ್ಯವನ್ನು ಆಗಲೇ ತೋರಿಸಿ. ನಿಮ್ಮ ಭಾಷೆಗೆ ಅದು ಎಷ್ಟು ಸರಿಯಾಗಿ ಬರುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ.

ಬಾಗಿಲು, ಹಾಜರಿ, ಕೋರಂ

ಲಿಂಕನ್ನು ಎಲ್ಲರೂ ನೋಡುವ ಜಾಗದಲ್ಲಿ ಹಾಕಬೇಡಿ. 2020ರಲ್ಲಿ ಹೊರಗಿನವರು ಸಭೆಗಳಿಗೆ ನುಗ್ಗಿ ಗಲಾಟೆ ಮಾಡಿದ್ದು ಎಷ್ಟಾಯಿತೆಂದರೆ, ಝೂಮ್ ಆ ಏಪ್ರಿಲ್‌ನಲ್ಲಿ ಉಚಿತ ಖಾತೆಗಳಿಗೆ ಪಾಸ್‌ವರ್ಡನ್ನೂ ವೇಟಿಂಗ್ ರೂಮನ್ನೂ ತಾನಾಗಿಯೇ ಆನ್ ಮಾಡಿತು. ವೇಟಿಂಗ್ ರೂಮ್ ಅಂದರೆ ಬಾಗಿಲಲ್ಲಿ ನಿಲ್ಲಿಸಿ ಹೆಸರು ನೋಡಿ ಒಳಗೆ ಬಿಡುವುದು. ಸದಸ್ಯರ ಪಟ್ಟಿ ಹಿಡಿದ ಒಬ್ಬರು ಬಾಗಿಲು ಕಾಯಲಿ. 'ರೆಡ್ಮಿ' ಅಂತಲೋ 'ಐಫೋನ್' ಅಂತಲೋ ಹೆಸರಿಟ್ಟುಕೊಂಡು ಬಂದವರನ್ನು ಕೇಳಿ, ಹೆಸರು ಸರಿಮಾಡಿಸಿ.

ಒಂದೇ ಫೋನಿನ ಮುಂದೆ ಇಬ್ಬರು ಸದಸ್ಯರು ಕೂತಿರಬಹುದು, ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿರುವುದು ಸಾಮಾನ್ಯ ಅಲ್ವಾ. ಪರದೆ ಅವರನ್ನು ಒಬ್ಬರು ಅಂತ ತೋರಿಸುತ್ತದೆ. ಹೆಸರು ಕರೆದೇ ಹಾಜರಿ ತೆಗೆದುಕೊಳ್ಳಿ. ಕೋರಂ ಶುರುವಿನಲ್ಲಿ ಇತ್ತು ಅಂತ ಸುಮ್ಮನಿರಬೇಡಿ, ದೂರದವರು ಸದ್ದಿಲ್ಲದೆ ಹೋಗಬಹುದು. ಪ್ರತಿ ಮುಖ್ಯ ಮತಕ್ಕೂ ಮೊದಲು ಎಣಿಸಿ, ಆ ಸಂಖ್ಯೆಯನ್ನು ನಡಾವಳಿಯಲ್ಲಿ ಬರೆಯಿರಿ.

ಮತ ತೆಗೆದುಕೊಳ್ಳುವುದು

ಯಾರಿಗೂ ತಕರಾರಿಲ್ಲದ ವಿಷಯಕ್ಕೆ "ಆಕ್ಷೇಪ ಇದೆಯೇ?" ಅಂತ ಕೇಳಿ ಹತ್ತು ಎಣಿಸಿದರೆ ಸಾಕು. ತಕರಾರು ಇರುವ ವಿಷಯಕ್ಕೆ, ದೂರದವರು ಇಪ್ಪತ್ತರ ಒಳಗಿದ್ದರೆ, ಒಬ್ಬೊಬ್ಬರ ಹೆಸರು ಕರೆದು ಬಾಯಲ್ಲಿ ಮತ ಕೇಳುವುದೇ ನನಗೆ ಸರಿ ಕಾಣುತ್ತದೆ. ನಿಧಾನ ಹೌದು. ಆದರೆ ಆಮೇಲೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಜಾಸ್ತಿ ಜನ ಇದ್ದರೆ ಆ್ಯಪ್‌ನಲ್ಲೇ ಮತ ಕೇಳುವ ಪೋಲ್ ಸೌಲಭ್ಯ ಬಳಸಿ. ಅದನ್ನು ನಡೆಸುವವರು ತಾವೂ ಮತ ಹಾಕಬಹುದೇ, ಬರೀ ಫೋನಿನಲ್ಲಿ ಬಂದವರು ಹೇಗೆ ಹಾಕುತ್ತಾರೆ, ಇವೆರಡನ್ನೂ ಅಭ್ಯಾಸದ ದಿನವೇ ನೋಡಿಟ್ಟುಕೊಳ್ಳಿ.

ಗುಪ್ತ ಮತದಾನ ಬೇರೆಯೇ ಕಥೆ. ಹಾಲ್‌ನಲ್ಲಿ ಚೀಟಿ, ದೂರದವರಿಗೆ ಆನ್‌ಲೈನ್ ಅಂತ ಎರಡು ದಾರಿ ಮಾಡಿದರೆ ಒಂದು ತೊಂದರೆ ಇದೆ. ದೂರದವರು ಮೂವರೇ ಇದ್ದು, ಆ ಕಡೆಯ ಮೂರೂ ಮತ ಒಬ್ಬರಿಗೇ ಬಿದ್ದರೆ ಅವರ ಗುಟ್ಟು ಬಯಲಾಯಿತು. ಆದ್ದರಿಂದ ಎಲ್ಲರೂ ಒಂದೇ ವ್ಯವಸ್ಥೆಯಲ್ಲಿ ಹಾಕಲಿ, ಫಲಿತಾಂಶ ಒಟ್ಟಿಗೇ ಬರಲಿ. ಸಭೆಯ ಆ್ಯಪ್‌ನ ಪೋಲ್ ಇದಕ್ಕೆ ಸಾಲದು, ಚುನಾವಣೆಗೆಂದೇ ಇರುವ ವ್ಯವಸ್ಥೆ ಬೇಕು. ಹೀಲಿಯಾಸ್ ಅಂತ ಒಂದು ಮುಕ್ತ ತಂತ್ರಾಂಶ ಇದೆ. ಮತ ಗುಪ್ತವಾಗಿಯೇ ಇರುತ್ತದೆ, ತಮ್ಮ ಮತ ಲೆಕ್ಕಕ್ಕೆ ಸೇರಿತೇ ಅಂತ ಮತದಾರರೇ ಪರೀಕ್ಷಿಸಬಹುದು. ಗೂಢಲಿಪಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಐಎಸಿಆರ್ 2010ರಿಂದ ಪದಾಧಿಕಾರಿಗಳ ಚುನಾವಣೆಗೆ ಇದನ್ನೇ ಬಳಸುತ್ತಿದೆ.

ಅವರ 2025ರ ಚುನಾವಣೆಯಲ್ಲಿ ಆದದ್ದನ್ನು ಪ್ರತಿ ಸಂಘವೂ ತಿಳಿದಿರಬೇಕು. ಫಲಿತಾಂಶ ತೆರೆಯುವ ಕೀಲಿಯನ್ನು ಮೂರು ಪಾಲು ಮಾಡಿ ಮೂವರ ಕೈಗೆ ಕೊಟ್ಟಿದ್ದರು, ತೆರೆಯಲು ಮೂರೂ ಬೇಕಿತ್ತು. ಒಬ್ಬರ ಪಾಲು ಕಳೆದುಹೋಯಿತು. ಮತಗಳೆಲ್ಲ ಇದ್ದವು, ತೆರೆಯಲು ಆಗಲಿಲ್ಲ. ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು, ಈ ಸಲ ಮೂರರಲ್ಲಿ ಎರಡು ಪಾಲು ಇದ್ದರೆ ಸಾಕು ಅಂತ ಮಾಡಿಕೊಂಡರು. ಬೀಗದ ವಿದ್ಯೆಯನ್ನೇ ಓದಿದವರಿಗೆ ಇದು ಆಗಬಹುದಾದರೆ ನಮಗೂ ಆಗಬಹುದು. ಪಾಸ್‌ವರ್ಡ್, ಕೀಲಿ, ಆ್ಯಪ್‌ನಲ್ಲಿ ಸಭೆ ನಡೆಸುವ ಹೋಸ್ಟ್ ಅಧಿಕಾರ ಯಾವುದೂ ಒಬ್ಬರ ಕೈಯಲ್ಲಿ ಮಾತ್ರ ಇರದಿರಲಿ.

ಲೈನ್ ಕಡಿದರೆ

ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟು ಸಭೆಯ ಶುರುವಿನಲ್ಲಿ ಓದಿ ಹೇಳಿ. ನಮ್ಮದು ಹೀಗಿದೆ: ಸಂಘದ ಕಡೆಯ ಸಂಪರ್ಕ ಹೋದರೆ ಸಭೆ ನಿಲ್ಲುತ್ತದೆ. ಹತ್ತು ನಿಮಿಷ ಹಾಟ್‌ಸ್ಪಾಟ್‌ನಲ್ಲಿ ಪ್ರಯತ್ನ. ಅದೂ ಆಗದಿದ್ದರೆ ಒಂದು ಫೋನ್ ಕಾನ್ಫರೆನ್ಸ್ ಕಾಲ್ ಮಾಡಿ, ಸ್ಪೀಕರ್ ಆನ್ ಮಾಡಿ ಮೈಕ್ ಹತ್ತಿರ ಇಡುವುದು. ಅದಕ್ಕೂ ಆಗದಿದ್ದರೆ ಚರ್ಚೆ ಮಾತ್ರ ಮುಂದುವರಿಯುತ್ತದೆ, ಮತ ಮುಂದಿನ ದಿನಕ್ಕೆ. ಹೋಸ್ಟ್ ಆಗಿರುವವರ ಲ್ಯಾಪ್‌ಟಾಪೇ ಕೈಕೊಡಬಹುದು, ಆದ್ದರಿಂದ ಶುರುವಿನಲ್ಲೇ ಇನ್ನೊಬ್ಬರನ್ನು ಕೋ-ಹೋಸ್ಟ್ ಮಾಡಿಟ್ಟಿರಿ.

ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಅದನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ ಅನ್ನುವುದೂ ತಿಳಿಸಿ. ರೆಕಾರ್ಡ್ ಆಗುತ್ತಿದೆ ಅಂದ ತಕ್ಷಣ ಕೆಲವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಹಾಗಾಗಿ ನಾವು ಮಾಡುವುದಿಲ್ಲ. ನಡಾವಳಿ ಬರೆದ ಮೇಲೆ ಅದೇ ದಾಖಲೆ.

ಸಭೆ ಮುಗಿದ ಮೇಲೆ

ಎರಡು ದಿನದೊಳಗೆ ನಡಾವಳಿಯ ಕರಡು ಕಳಿಸಿ, ಹಾಲ್‌ನಲ್ಲಿ ಎಷ್ಟು ಜನ, ದೂರದಿಂದ ಎಷ್ಟು ಜನ, ಯಾವ ಹೊತ್ತಿಗೆ ಸಂಪರ್ಕ ಕಡಿದಿತ್ತು ಅನ್ನುವುದು ಅದರಲ್ಲಿ ಇರಲಿ. ಮಧ್ಯದಲ್ಲಿ ಬಿಟ್ಟುಹೋದವರ ಪಟ್ಟಿ ಮಾಡಿ ಒಬ್ಬೊಬ್ಬರಿಗೆ ಫೋನ್ ಮಾಡಿ. ಸಂದೇಶ ಕಳಿಸಿದರೆ "ಚೆನ್ನಾಗಿತ್ತು" ಅಂತ ಉತ್ತರ ಬರುತ್ತದೆ, ಫೋನಿನಲ್ಲಿ ನಿಜ ಹೇಳುತ್ತಾರೆ. ಕಳೆದ ಸಲ ನಾನು ಐದು ಜನರಿಗೆ ಫೋನ್ ಮಾಡಿದೆ. ಇಬ್ಬರದು ಚಾರ್ಜ್ ಮುಗಿದಿತ್ತು, ಒಬ್ಬರ ಮನೆಗೆ ಯಾರೋ ಬಂದಿದ್ದರು. ಉಳಿದ ಇಬ್ಬರೂ ಹೇಳಿದ್ದು ಒಂದೇ: "ಕೊನೆಯ ಸಾಲಿನವರು ಮಾತಾಡಿದ್ದು ಕೇಳಲಿಲ್ಲ, ಮೈಕ್ ಅಲ್ಲಿಗೆ ಹೋಗುವ ಮೊದಲೇ ಅವರು ಶುರು ಮಾಡಿಬಿಡುತ್ತಿದ್ದರು." ಮುಂದಿನ ಸಭೆಗೆ ಹಿಂದಿನ ಸಾಲಿಗೇ ಒಂದು ಮೈಕ್, ಅದನ್ನು ಹಿಡಿದು ನಿಲ್ಲುವುದಕ್ಕೇ ಒಬ್ಬರು ಅಂತ ಈಗಾಗಲೇ ಅಜೆಂಡಾದ ಮೇಲ್ಗಡೆ ಬರೆದಿಟ್ಟಿದ್ದೇನೆ.